ತಂಗಿಯ ಮದುವೆಗೆ ಒಂದು ಕೌದಿ, ಐದು ಸಂಚಿ

ದೀಪಾವಳಿ ಕಳೆದ ವಾರ

ಟ್ರಂಕ್ ಸ್ವಚ್ಛ ಮಾಡುವಾಗ ಅವ್ವನ ಮದುವೆಯ ಮುಯ್ಯಿ ಪುಸ್ತಕ ಸಿಕ್ಕಿತು. 1989ರದ್ದು. ಹೆಸರು, ಊರು, ಮುಂದೆ ಕೊಟ್ಟದ್ದು. ಜೇವರ್ಗಿ, 11 ರೂಪಾಯಿ. ಚಿತ್ತಾಪುರ, ಒಂದು ಸ್ಟೀಲ್ ತಾಟು. ಅಫಜಲಪುರ, 21 ರೂಪಾಯಿ ಮತ್ತು ಕುಬಸದ ಖಣ. ಯಾರು ಏನು ಕೊಟ್ಟರು ಅನ್ನುವುದು ಪಕ್ಕಾ ಇದೆ. ಬಂದವರು ಏನಾದರೂ ಹೇಳಿದರಾ, ಹರಸಿದರಾ, ಅದು ಎಲ್ಲೂ ಇಲ್ಲ.

ಫೆಬ್ರುವರಿಯಲ್ಲಿ ತಂಗಿಯ ಮದುವೆ. ಹುಡುಗನ ಊರು ಬೀದರ್. ಅವಳಿಗೆ ಮುಯ್ಯಿ ಪುಸ್ತಕದ ಜೊತೆಗೆ ಬೇರೆ ಏನಾದರೂ ಮಾಡಿಕೊಡಬೇಕು ಅಂತ ಆಗಲೇ ಅನಿಸಿತು. ಈಗ ಹಾಲ್‌ಗಳಲ್ಲಿ ಬಂದವರು ಹಾರೈಕೆ ಬರೆಯಲಿ ಅಂತ ಬಾಗಿಲ ಹತ್ತಿರ ಚಂದದ ಪುಸ್ತಕ, ಪೆನ್ನು ಇಡುತ್ತಾರೆ. ಗೆಳತಿಯೊಬ್ಬಳ ಮನೆಯಲ್ಲಿ ಅಂಥದ್ದು ನೋಡಿದೆ. ಮೂರು ಪುಟ ತುಂಬಿದೆ, ಉಳಿದದ್ದೆಲ್ಲ ಖಾಲಿ. ಮದುವೆ ಆದಮೇಲೆ ಅದನ್ನು ಒಮ್ಮೆಯೂ ತೆರೆದಿಲ್ಲವಂತೆ.

ಬೇರೆ ದಾರಿ ಹುಡುಕಿದೆ. ಬಾಟಲಿಯಲ್ಲಿ ಚೀಟಿ ಹಾಕುವುದು, ಕಟ್ಟಿಗೆಯ ತುಂಡುಗಳ ಮೇಲೆ ಬರೆಸಿ ಚಿತ್ರ ಜೋಡಿಸುವುದು, ಅಲ್ಲೇ ಫೋಟೋ ತೆಗೆದು ಅಂಟಿಸುವುದು. ನನಗೆ ಜಾಸ್ತಿ ಇಷ್ಟವಾದದ್ದು ಹೆಬ್ಬೆಟ್ಟಿನ ಗಿಡ. ಕ್ಯಾನ್ವಾಸ್ ಮೇಲೆ ಬರೀ ಟೊಂಗೆ ಬಿಡಿಸಿಡುತ್ತಾರೆ. ಬಂದವರು ಬಣ್ಣ ಹಚ್ಚಿ ಹೆಬ್ಬೆಟ್ಟು ಒತ್ತಿದರೆ ಅವೇ ಎಲೆ. ಅದನ್ನು ಆಯಿಗೆ, ಅಂದರೆ ನಮ್ಮ ಅಜ್ಜಿಗೆ ತೋರಿಸಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ರೇಷನ್ ಅಂಗಡ್ಯಾಗ ಒತ್ತೀನಿ, ಬ್ಯಾಂಕಿನ್ಯಾಗ ಒತ್ತೀನಿ. ಮೊಮ್ಮಗಳ ಮದುವ್ಯಾಗೂ ಹೆಬ್ಬೆಟ್ಟೇ ಏನು?"

ಆ ಮಾತು ನನಗೆ ತಟ್ಟಿತು. ಓದು ಬಂದವರಿಗೆ ಹೆಬ್ಬೆಟ್ಟು ಒಂದು ಆಟ. ಆಯಿಗೆ ಅದು ಜೀವನವಿಡೀ "ನಿನಗೆ ಬರೆಯಲು ಬರುವುದಿಲ್ಲ" ಅಂತ ನೆನಪಿಸಿದ ಗುರುತು. ಗಿಡ ಅಲ್ಲಿಗೇ ಬಿಟ್ಟೆ.

ಹಾಗಾದರೆ ಆಯಿಗೆ ಏನು ಬರುತ್ತದೆ? ಕೌದಿ, ಅಂದರೆ ಹಳೇ ಅರಿವೆಯ ತುಂಡು ಜೋಡಿಸಿದ ಹೊದಿಕೆ, ಹೊಲಿಯಲು ಬರುತ್ತದೆ. ನಮ್ಮ ಮನೆಯ ಎಲ್ಲಾ ಮಕ್ಕಳು ಅವಳ ಕೌದಿಯಲ್ಲೇ ಮಲಗಿ ಬೆಳೆದವರು. ಕೇಳಿದ್ದೇ ತಡ, ಅವಳೇ ಮುಂದುವರಿಸಿದಳು: "ಬಂದವರ ಮನಿ ಹಳೇ ಅರಿವಿ ಒಂದೊಂದು ತುಂಡು ತರಸು. ಅದರ ಮ್ಯಾಗ ಅವರೇ ಒಂದು ಹೊಲಿಗಿ ಹಾಕಲಿ. ಸೂಜಿ ಎಲ್ಲಾರಿಗೂ ಹಿಡಿಲಾಕ ಬರತದ."

ಬೀದರಿನ ಚಳಿ ನಮ್ಮ ಕಲಬುರಗಿಗಿಂತ ಜಾಸ್ತಿ. ಊರು ಎತ್ತರದಲ್ಲಿದೆ. ಕೌದಿ ಅಲ್ಲಿ ಪೆಟ್ಟಿಗೆ ಸೇರುವುದಿಲ್ಲ, ಮೈಮೇಲೆ ಇರುತ್ತದೆ.

ಎರಡು ವಾರದ ನಂತರ

ಲೆಕ್ಕ ಹಾಕಿದೆ. ಒಂದೊಂದು ತುಂಡು 6 ಇಂಚು ಚೌಕ. ನಾಲ್ಕೂ ಕಡೆ ಕಾಲು ಇಂಚು ಮಡಚಿದರೆ 5.5 ಇಂಚು ಉಳಿಯುತ್ತದೆ. ಅಗಲಕ್ಕೆ 10, ಉದ್ದಕ್ಕೆ 14, ಒಟ್ಟು 140 ತುಂಡು. 55 ಇಂಚು ಅಗಲ, 77 ಇಂಚು ಉದ್ದದ ಕೌದಿ. ತಳಕ್ಕೆ ಅವ್ವನ ಎರಡು ಹಳೇ ಕಾಟನ್ ಸೀರೆ, ನಡುವೆ ಮುತ್ಯಾನ, ಅಂದರೆ ಅಜ್ಜನ ಧೋತರ.

ತುಂಡಿನ ಮೂಲೆಯಲ್ಲಿ ಸಣ್ಣದಾಗಿ ಹೆಸರು, ಊರು ಬರೆಯಬೇಕಲ್ವಾ? ಆರು ಪೆನ್ನು ತಂದು ಒಂದೇ ಬಟ್ಟೆಯ ಮೇಲೆ ಬರೆದು ಮೂರು ಸಲ ಒಗೆದೆ. ಜೆಲ್ ಪೆನ್ನು ಮೊದಲ ನೀರಿಗೇ ಹೋಯಿತು. ಬಾಲ್ ಪೆನ್ನು ನೀಲಿ ಮೋಡದಂತೆ ಹರಡಿತು. ದಪ್ಪ ಮಾರ್ಕರ್ ಹೋಗುವುದಿಲ್ಲ, ಆದರೆ ತೆಳು ಕಾಟನ್ ಮೇಲೆ ಶಾಯಿ ಹಬ್ಬಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಕನ್ನಡಕ್ಕೆ ಅದು ಆಗುವುದೇ ಇಲ್ಲ, ಒತ್ತಕ್ಷರ ಗುರುತು ಸಿಗಲಿಲ್ಲ. ಕೊನೆಗೆ ಬಟ್ಟೆಗೆಂದೇ ಮಾಡಿದ ಸಣ್ಣ ಮೊನೆಯ ಪೆನ್ನು ನಿಂತಿತು. ಬರೆದು ಒಂದು ದಿನ ಬಿಟ್ಟು, ಹಿಂದಿನಿಂದ ಬಿಸಿ ಇಸ್ತ್ರಿ ಹಾಕಬೇಕು. ಪಾಲಿಸ್ಟರ್‌ಗೆ ಅಷ್ಟು ಬಿಸಿ ತಡೆಯುವುದಿಲ್ಲ, ಸುಟ್ಟು ಮುದುಡುತ್ತದೆ. ಹಾಗಾಗಿ ಎಲ್ಲರಿಗೂ ಫೋನಿನಲ್ಲಿ ಒಂದೇ ಮಾತು: ಹಳೇದಿರಲಿ, ಕಾಟನ್ ಇರಲಿ, ಒಂದು ಗೇಣು ಸಾಕು.

ಎಳ್ಳಮಾಸಿ ಮರುದಿನ

ಇಷ್ಟು ತುಂಡು ಒಂದೇ ದಿನ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಎಲ್ಲರೂ ಬಂದಿದ್ದರು. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಬನ್ನಿ ಗಿಡದ ಕೆಳಗೆ ಕುಳಿತೆವು. ಒಬ್ಬೊಬ್ಬರೇ ಚೀಲದಿಂದ ಅರಿವೆ ತೆಗೆದರು. ಪ್ರತಿ ತುಂಡಿಗೂ ಒಂದು ಕಥೆ ಬಂತು. ಅದನ್ನು ನಾನು ಬೇರೆ ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದುಕೊಳ್ಳುತ್ತಿದ್ದೇನೆ.

ಜೇವರ್ಗಿ ಅತ್ತಿ ತಂದದ್ದು ಹಸಿರು ಇಳಕಲ್ ಸೀರೆಯ ಮೈ. ತಂಗಿ ಹುಟ್ಟಿದ ದಿನ ಆಸ್ಪತ್ರೆಗೆ ಅದನ್ನೇ ಉಟ್ಟು ಬಂದಿದ್ದಳಂತೆ. ಕಾಕಾ ತಮ್ಮ ಶಾಲೆಯ ಖಾಕಿ ಚಡ್ಡಿಯ ತುಂಡು ತಂದಿದ್ದರು, ಮೂವತ್ತು ವರ್ಷ ಅದನ್ನು ಕಾಕಿ ಇಟ್ಟಿದ್ದಳು. ನಮ್ಮ ಹೊಲದಲ್ಲಿ ತೊಗರಿ ಕೊಯ್ಯಲು ಬರುವ ಲಂಬಾಣಿ ತಾಂಡಾದ ಅಕ್ಕ ಕನ್ನಡಿ ಕೂರಿಸಿದ ಕೆಂಪು ಅಂಚು ಕೊಟ್ಟಳು. ಕನ್ನಡಿ ಮೈಗೆ ಚುಚ್ಚೀತು ಅಂತ ಅವಳೇ ಹೇಳಿದಳು. ಅದನ್ನು ನಡುವೆ ಇಡದೆ ತಲೆದಿಂಬಿನ ಕಡೆಯ ಅಂಚಿಗೆ ಇಡುತ್ತೇವೆ.

ಆ ದಿನ 58 ತುಂಡು ಬಂತು.

ಸಂಕ್ರಾಂತಿ ವಾರ: ಗೆಳತಿಯರ ಸಂಚಿ

ಮದುವೆಯಲ್ಲಿ ತಂಗಿಯ ಪಕ್ಕ ನಿಲ್ಲುವ ಗೆಳತಿಯರು ಐದು ಜನ. ಒಂದೇ ಓಣಿಯಲ್ಲಿ ಬೆಳೆದವರು. ಅವರಿಗೆ ಏನು ಕೊಡುವುದು? ಮೊದಲು ಬಿದರಿ ಕೀಚೈನ್ ಯೋಚಿಸಿದೆವು. ಸತು ಮತ್ತು ತಾಮ್ರದ ಎರಕ, ಅದರಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿ ಕಪ್ಪು ಮಾಡುವ ಆ ಕೆಲಸ ನನಗೆ ಬಹಳ ಇಷ್ಟ. ಆದರೆ ಬೀದರಿನ ಬೀಗರು ಹೇಗಿದ್ದರೂ ಎಲ್ಲರಿಗೂ ಬಿದರಿಯನ್ನೇ ಕೊಡುತ್ತಾರೆ. ನಮ್ಮ ಕಡೆಯಿಂದ ಈ ಐವರು ನೋಡಿದ ಕೂಡಲೇ ನಗುವಂಥದ್ದು ಬೇಕಿತ್ತು.

ಈ ಹುಡುಗಿಯರು ಬೇಸಿಗೆ ರಜೆಯಿಡೀ ಮಾಡಿದ್ದು ಒಂದೇ: ನಮ್ಮ ಮನೆಯ ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುವುದು. ಕಾಯಿಗೆ ಬಳೆ ಚೂರು, ಹುಣಸೆ ಬೀಜ. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಜಗಳ.

ಆಯಿಯ ಎಲೆ ಅಡಿಕೆ ಸಂಚಿ ನೋಡಿ ದಾರಿ ಹೊಳೆಯಿತು. ದುಂಡನೆ ಬಟ್ಟೆ, ಸುತ್ತ ನಿರಿಗೆ, ಅದರೊಳಗೆ ದಾರ. ಬಿಚ್ಚಿ ಹರಡಿದರೆ ಆಟದ ಮನೆ, ದಾರ ಎಳೆದರೆ ಸಂಚಿ. ಕವಡೆ, ಕಾಯಿ ಎಲ್ಲಾ ಒಳಗೇ ಉಳಿಯುತ್ತವೆ.

ಮೊದಲನೆಯದು ಕೆಟ್ಟಿತು. ಐದೈದು 25 ಮನೆ, ಒಂದೊಂದು 2 ಇಂಚು, ಅಂದರೆ 10 ಇಂಚು ಚೌಕ. ಅದಕ್ಕೆ 14 ಇಂಚಿನ ದುಂಡು ಸಾಕು ಅಂತ ಕತ್ತರಿಸಿದೆ. ಆದರೆ ಮೂಲೆಯಿಂದ ಮೂಲೆಗೆ ಅಳೆದರೆ 14ಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ನಾಲ್ಕೂ ಮೂಲೆ ಮನೆ ದಾರದ ನಿರಿಗೆಯೊಳಗೆ ಸಿಕ್ಕಿಕೊಂಡವು. ಈಗ 18 ಇಂಚು ಇಟ್ಟಿದ್ದೇನೆ. ಮಡಿಕೆ ಚೆನ್ನಾಗಿ ಬೀಳುತ್ತದೆ, ಸಂಚಿಗೂ ಹೊಟ್ಟೆ ಬರುತ್ತದೆ. ಮನೆಯ ಗೆರೆಗಳಿಗೆ ಸರಪಳಿ ಹೊಲಿಗೆ, ಅಡ್ಡಗೀಟಿನ ಮನೆಗಳಿಗೆ ಬೇರೆ ಬಣ್ಣ. ಒಂದು ಸಂಚಿಗೆ 4 ಕವಡೆ, 16 ಕಾಯಿ. ಕಾಯಿಗೆ ಗುಂಡಿ. ಮ್ಯಾಚಿಂಗ್ ಸೆಂಟರಿನಲ್ಲಿ ಗುಂಡಿಗೆ ಬಟ್ಟೆ ಹೊದಿಸಿ ಕೊಡುತ್ತಾರೆ. ಹುಡುಗಿಯರ ಅವ್ವಂದಿರಿಂದ ಗುಟ್ಟಾಗಿ ಹಳೇ ಓಢಣಿ ತರಿಸಿ ಅದನ್ನೇ ಹೊದಿಸಿದೆ.

ನಡುವಿನ ಮನೆ, ಕಾಯಿ ಹಣ್ಣಾಗುವ ಜಾಗ, ಅಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಚಿತ್ರ. ಮಂಡಕ್ಕಿಯ ಸುಸಲಾ ಜೊತೆ ಮಿರ್ಚಿ ಭಜಿ ಬಿಡದವಳಿಗೆ ಮೆಣಸಿನಕಾಯಿ. ಕಾಲೇಜಿಗೆ ದಿನಾ ಬಸ್ಸಿನ ಹಿಂದೆ ಓಡಿದವಳಿಗೆ ಕೆಂಪು ಬಸ್ಸು. ಎಲ್ಲಿ ಕೂತರೂ ನಿದ್ದೆ ಮಾಡುವವಳಿಗೆ ದಿಂಬು. ಬಿಸಿಲಿಗೂ ಕೊಡೆ ಹಿಡಿಯುವವಳಿಗೆ ಕೊಡೆ. ಬೆಕ್ಕಿನವಳಿಗೆ ಬೆಕ್ಕು. ಒಳಗೆ ತಂಗಿಯ ಕೈಬರಹದ ಚೀಟಿ: "ಸೋತವಳು ಬೀದರಿಗೆ ಬಂದು ಒಂದು ದಿನ ಇರಬೇಕು. ಗೆದ್ದವಳು ಎರಡು ದಿನ ಇರಬೇಕು."

ಮದುವೆಗೆ 19 ದಿನ

ಇವತ್ತು ಕಣ್ಣೀರು ಬಂತು. ಜೋಡಿಸಿದ ಮೂರು ಸಾಲು ಒಗೆದು ನೋಡೋಣ ಅಂತ ನೀರಿಗೆ ಹಾಕಿದೆ. ಒಂದು ಕೆಂಪು ತುಂಡು ಹೊಸದಿತ್ತು, ಬಣ್ಣ ಬಿಟ್ಟಿತು. ಪಕ್ಕದಲ್ಲಿದ್ದ ಮುತ್ಯಾನ ಧೋತರದ ಬಿಳಿ ತುಂಡು ಗುಲಾಬಿ ಆಯಿತು. ಮುತ್ಯಾ ತೀರಿಕೊಂಡು ಆರು ವರ್ಷ. ತಣ್ಣೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದೆ. ಬಹಳಷ್ಟು ಹೋಯಿತು, ಒಂದು ಮೂಲೆಯಲ್ಲಿ ಉಳಿಯಿತು. ಆಯಿ ಆ ಮೂಲೆ ಮುಟ್ಟಿ ನೋಡಿ, "ಇರಲಿ, ಮದುವಿ ಓಕಳಿ ಅಂತ ತಿಳಿ" ಅಂದಳು.

ಹಳೇ ಅರಿವೆ ಯಾಕೆ ಕೇಳುತ್ತಾರೆ ಅನ್ನುವುದು ಈಗ ಅರ್ಥವಾಯಿತು. ನೂರು ಸಲ ಒಗೆದದ್ದು ಬಣ್ಣ ಬಿಡುವುದಿಲ್ಲ. ಇನ್ನು ಮುಂದೆ ಪ್ರತಿ ತುಂಡನ್ನೂ ಬಿಳಿ ಚಿಂದಿಯ ಜೊತೆ ರಾತ್ರಿಯಿಡೀ ನೆನೆಸಿ, ಚಿಂದಿ ಬಿಳಿಯಾಗೇ ಇದ್ದರೆ ಮಾತ್ರ ಹೊಲಿಯುವುದು.

91 ತುಂಡು ಸಿದ್ಧ. ಉಳಿದ 49 ಜಾಗ ಮದುವೆಯ ದಿನಕ್ಕೆ.

ಮದುವೆಯ ರಾತ್ರಿ, ಬೇಗ ಬರೆದದ್ದು

ಹಾಲಿನ ಬಾಗಿಲಲ್ಲಿ ಮೇಜು ಹಾಕಿದ್ದೆವು. ಬರಿಗೈಲಿ ಬಂದವರಿಗೆ ಅವ್ವನ ಸೀರೆಯ ತುಂಡು, ಅದನ್ನು ಬಿಗಿಯಾಗಿ ಹಿಡಿಯುವ ಕಟ್ಟಿಗೆಯ ರಿಂಗ್, ಕೆಂಪು ದಾರ ಪೋಣಿಸಿದ 12 ಸೂಜಿ. ಗೆಳತಿಯರು ಇಬ್ಬಿಬ್ಬರಂತೆ ಪಾಳಿ ಹಾಕಿ ಕುಳಿತರು. ಮೊದಲ ಹೊಲಿಗೆ ಆಯಿಯದ್ದು. ಹಿಂದೆ ಸಾಲು ನಿಂತಿತ್ತು, ಅವಳು ಅವಸರ ಮಾಡಲಿಲ್ಲ.

ಗಂಡಸರು ಬರುವುದಿಲ್ಲ ಅಂದುಕೊಂಡಿದ್ದೆ. ಕಾಕಾ ಒಂದರ ಬದಲು ಏಳು ಹಾಕಿದರು. ಬೀಗರ ಕಡೆಯ ಅಜ್ಜ ಕನ್ನಡಕ ತರಿಸಿಕೊಂಡು ಕುಳಿತು ಹೊಲಿದರು. ಯಾರ ಹೆಸರನ್ನೂ ಅವರನ್ನು ಕೇಳದೆ ಬರೆಯಲಿಲ್ಲ. ಬರೆಯಲು ಬರುವವರು ತಾವೇ ಬರೆದರು.

ಇದನ್ನು ಯಾರಾದರೂ ಮಾಡುವುದಾದರೆ ದಯವಿಟ್ಟು ಸೂಜಿ ಎಣಿಸಿಡಿ. ಕೊನೆಗೆ ನಮ್ಮಲ್ಲಿ 11 ಇದ್ದವು. ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿದ್ದರು. ಜಮಖಾನೆಯ ಮೇಲೆ ಅಯಸ್ಕಾಂತ ಆಡಿಸಿ ಹುಡುಕಿದೆವು. ಸಿಗುವವರೆಗೂ ಊಟಕ್ಕೆ ಏಳಲಿಲ್ಲ.

ಸಂಚಿ ಕೊಟ್ಟದ್ದು ಹಿಂದಿನ ರಾತ್ರಿ, ಅರಿಶಿನ ಮುಗಿದ ಮೇಲೆ. ಐವರೂ ದಾರ ಬಿಚ್ಚಿದ್ದೇ ನೆಲಕ್ಕೆ ಕುಳಿತರು. ಮದುಮಗಳೂ ಅರಿಶಿನದ ಕೈಯಲ್ಲೇ ಕವಡೆ ಹಾಕಿದಳು. ಬಸ್ಸಿನ ಸಂಚಿಯ ಮೇಲೆ ಹಳದಿ ಬೆರಳಿನ ಗುರುತು ಬಿದ್ದಿದೆ. ಒಗೆಯಬೇಡ ಅಂತ ತಂಗಿ ಹೇಳಿಟ್ಟಿದ್ದಾಳೆ.

ಮದುವೆ ಆಗಿ ಒಂದು ತಿಂಗಳು

49 ಜಾಗಕ್ಕೆ 63 ತುಂಡು ಬಂದಿದ್ದವು. ಹೆಚ್ಚಾದ 14 ಹಿಂಬದಿಗೆ ಹೋದವು. ಅಲ್ಲಿ ಅವು ಒಂದು ಓಣಿಯಂತೆ ಸಾಲಾಗಿ ಕಾಣುತ್ತವೆ. ಆಯಿ, ಅವ್ವ, ಕಾಕಿ, ನಾನು, ನಾಲ್ಕು ಅಂಚಿಗೆ ನಾಲ್ವರು ಕುಳಿತು ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿಯುತ್ತ ಹೋದೆವು. ನನ್ನ ಹೊಲಿಗೆ ಆಯಿಯದಕ್ಕಿಂತ ಉದ್ದ, ಎಲ್ಲಿ ನಾನು ಕುಳಿತಿದ್ದೆ ಅಂತ ಈಗಲೂ ಗೊತ್ತಾಗುತ್ತದೆ. ಕೊನೆಯ ಗೇಣು ಮುಚ್ಚುವ ಮೊದಲು ಆಯಿ ಜೋಳದ ರೊಟ್ಟಿಯ ಒಣಗಿದ ಚೂರು ಒಳಗಿಟ್ಟಳು. ನಮ್ಮ ಮನೆಯಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದಿಲ್ಲ.

ಭಾನುವಾರ ರೈಲಿನಲ್ಲಿ ಅಪ್ಪ ಬೀದರಿಗೆ ಮುಟ್ಟಿಸಿ ಬಂದರು. ನೋಟ್‌ಬುಕ್ಕನ್ನು ಕಳಿಸುವುದು ಮರೆತಿದ್ದೆ. ನಿನ್ನೆ ರಾತ್ರಿ ತಂಗಿ ಫೋನ್ ಮಾಡಿದಳು. "ಅಕ್ಕಾ, ನಮ್ಮ ಅತ್ತೆ ಕೇಳ್ಲಿಕತ್ತಾರ, ಎಡಗಡೆ ಎರಡನೇ ಸಾಲಿನ್ಯಾಗ ಹಸಿರು ಇಳಕಲ್ ಅದಲ್ಲ, ಅದು ಯಾರದು?"

ನೋಟ್‌ಬುಕ್ ತೆಗೆದು 17ನೇ ನಂಬರ್ ಓದಿ ಹೇಳಿದೆ.