ಬೈಸಿಕೊಂಡೇ ಉಳಿದವರು

2009ರ ಅಕ್ಟೋಬರ್ 10, ಶನಿವಾರ. ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಬಾಲ್ಸ್‌ಬ್ರಿಡ್ಜ್‌ನಲ್ಲಿರುವ ಆರ್‌ಡಿಎಸ್ ಸಭಾಂಗಣದಲ್ಲಿ ಪರಿಸರವಾದಿಗಳ ಗ್ರೀನ್ ಪಕ್ಷದ ಸದಸ್ಯರು ಸೇರಿದ್ದರು. ಆರುನೂರು ಚಿಲ್ಲರೆ ಜನ. ದೊಡ್ಡ ಪಕ್ಷವಾದ ಫಿಯಾನಾ ಫಾಲ್ ಜೊತೆ ಸರ್ಕಾರದಲ್ಲಿ ಉಳಿಯೋದಾ, ಬಿಟ್ಟು ಹೊರಗೆ ಬರೋದಾ ಎಂದು ಅವರು ತೀರ್ಮಾನಿಸಬೇಕಿತ್ತು. ಪರಿಷ್ಕರಿಸಿದ ಒಪ್ಪಂದ ಪಾಸಾಗಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. ಎಣಿಸಿದಾಗ ಪರವಾಗಿ 523, ವಿರುದ್ಧ 99. ಉಳಿದರು.

ಐರ್ಲೆಂಡಿನಲ್ಲಿ ಆಗ ಆ ಸರ್ಕಾರವನ್ನು ಬೈಯದವರೇ ಇರಲಿಲ್ಲ. ಬಸ್ಸಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಕ್ಷೌರದಂಗಡಿಯಲ್ಲಿ ಅದೇ ಮಾತು. ನಾನು ಸಾಫ್ಟ್‌ವೇರ್ ಕೆಲಸ ಹಿಡಿದು ಇಲ್ಲಿಗೆ ಬಂದಾಗ ದೇಶ ಇನ್ನೂ ದುಡ್ಡಿನ ಅಮಲಿನಲ್ಲಿತ್ತು. ನೋಡನೋಡುತ್ತಿದ್ದಂತೆ ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳ ಮೇಲೆ ಕ್ರೇನುಗಳು ಸುಮ್ನೆ ನಿಂತುಬಿಟ್ಟವು. 2007ರಲ್ಲಿ ನೂರಕ್ಕೆ ಐದರಷ್ಟೂ ಇರದಿದ್ದ ನಿರುದ್ಯೋಗ ಎರಡೇ ವರ್ಷದಲ್ಲಿ ಹನ್ನೆರಡು ದಾಟಿತು. ಇಂಥ ಹೊತ್ತಿನಲ್ಲಿ ಆರು ಸೀಟಿನ ಪಕ್ಷವೊಂದು "ನಾವು ಉಳೀತೀವಿ" ಅಂದರೆ, ಊರಿನಲ್ಲಿ ಕೂತು ಓದುವವರಿಗೆ ಕುರ್ಚಿ ಆಸೆ ಅಂತಲೇ ಅನ್ನಿಸುತ್ತದೆ. ಇಲ್ಲಿನವರೂ ಹಾಗೇ ಅಂದರು. ನನಗೆ ಮಾತ್ರ ಇವತ್ತಿಗೂ ಹಾಗೆ ಅನ್ನಿಸುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 2007ರ ಚುನಾವಣೆಯಲ್ಲಿ ಪ್ರಧಾನಿ ಬರ್ಟಿ ಅಹರ್ನ್ ಅವರ ಫಿಯಾನಾ ಫಾಲ್ ದೊಡ್ಡ ಪಕ್ಷವಾಗಿ ಬಂತು, ಬಹುಮತ ಬರಲಿಲ್ಲ. ಗ್ರೀನ್ ನಾಯಕ ಟ್ರೆವರ್ ಸಾರ್ಜೆಂಟ್ "ಫಿಯಾನಾ ಫಾಲ್ ಜೊತೆ ಸರ್ಕಾರಕ್ಕೆ ನಾನು ಪಕ್ಷವನ್ನು ಕರೆದೊಯ್ಯುವುದಿಲ್ಲ" ಎಂದು ಮೊದಲೇ ಮಾತು ಕೊಟ್ಟಿದ್ದರು. ಪಕ್ಷದ ಸದಸ್ಯರು ದೊಡ್ಡ ಬಹುಮತದಲ್ಲಿ ಹೋಗೋಣ ಅಂದರು. ಸಾರ್ಜೆಂಟ್ ಒಪ್ಪಂದ ಮುಗಿಸಿಕೊಟ್ಟು ನಾಯಕತ್ವ ಬಿಟ್ಟರು. ಕೊಟ್ಟ ಮಾತೂ ಉಳಿಯಿತು, ಸರ್ಕಾರವೂ ಆಯಿತು. ಆಮೇಲೆ ಅದೇ ಸರ್ಕಾರದಲ್ಲಿ ರಾಜ್ಯ ಸಚಿವರಾದರು ಬಿಡಿ. ಅವರ ಜಾಗಕ್ಕೆ ಜಾನ್ ಗಾರ್ಮ್ಲಿ ಬಂದರು.

ಗಾರ್ಮ್ಲಿ ಗೆದ್ದದ್ದೇ ಒಂದು ಕಥೆ. ಡಬ್ಲಿನ್ ಸೌತ್ ಈಸ್ಟ್ ಕ್ಷೇತ್ರದಲ್ಲಿ ಅವರ ಎದುರಾಳಿ ಮೈಕಲ್ ಮಕ್‌ಡವೆಲ್. ಪ್ರೋಗ್ರೆಸಿವ್ ಡೆಮಾಕ್ರಾಟ್ಸ್ ನಾಯಕ, ಆಗಿನ ಉಪಪ್ರಧಾನಿ. ಆತ ರಾನೆಲಾ ಪೇಟೆಯ ನಡುವೆ ಪ್ರಚಾರದ ಪೋಸ್ಟರ್ ಬಿಡುಗಡೆ ಮಾಡುತ್ತಿದ್ದಾಗ ಗಾರ್ಮ್ಲಿ ಕೈಯಲ್ಲೊಂದು ಕರಪತ್ರ ಹಿಡಿದು ಅಲ್ಲಿಗೇ ನುಗ್ಗಿ ಜಗಳ ತೆಗೆದರು. ಕ್ಯಾಮೆರಾಗಳ ಎದುರೇ. ಇಲ್ಲಿ ಒಂದು ಕ್ಷೇತ್ರಕ್ಕೆ ಹಲವು ಸೀಟು; ಕೊನೆಗೆ ಆ ಕ್ಷೇತ್ರದ ಕಡೆಯ ಸೀಟಿಗಾಗಿ ಈ ಇಬ್ಬರ ನಡುವೆ ಉಳಿದ ಅಂತರ 304 ಮತ. ಮಕ್‌ಡವೆಲ್ ಸೋತ ರಾತ್ರಿಯೇ ರಾಜಕೀಯ ಬಿಟ್ಟರು. ಹಿಂದಿನ ಹತ್ತು ವರ್ಷ ಫಿಯಾನಾ ಫಾಲ್ ಜೊತೆ ಸರ್ಕಾರ ನಡೆಸಿದ್ದ ಚಿಕ್ಕ ಪಕ್ಷ ಅವರದ್ದೇ. ಎಂಟು ಸೀಟಿನಿಂದ ಎರಡಕ್ಕೆ ಬಿತ್ತು, ಎರಡು ವರ್ಷದಲ್ಲಿ ಬಾಗಿಲನ್ನೂ ಹಾಕಿತು. ಆ ಜಾಗದಲ್ಲಿ ಗ್ರೀನ್ಸ್ ಹೋಗಿ ಕೂತರು.

ಚಿಕ್ಕ ಪಕ್ಷವನ್ನು ಇಲ್ಲಿಯವರು ಮಡ್‌ಗಾರ್ಡ್ ಅನ್ನುತ್ತಾರೆ. ಗಾಡಿ ದೊಡ್ಡವರದ್ದು, ಕೆಸರು ಇವರಿಗೆ.

ಕೆಸರು ಹಾರಲು ಜಾಸ್ತಿ ದಿನ ಬೇಕಾಗಲಿಲ್ಲ. 2008ರ ಸೆಪ್ಟೆಂಬರ್ 29ರ ರಾತ್ರಿ ಬ್ಯಾಂಕುಗಳು ಮುಳುಗುವ ಹಂತಕ್ಕೆ ಬಂದವು. ಅಷ್ಟು ಹೊತ್ತಿಗೆ ಅಹರ್ನ್ ಹೋಗಿ ಬ್ರಯನ್ ಕೌವನ್ ಪ್ರಧಾನಿಯಾಗಿದ್ದರು. ಸಚಿವರಿಗೆ ರಾತ್ರೋರಾತ್ರಿ ಫೋನ್ ಮಾಡಿ ಒಪ್ಪಿಗೆ ಪಡೆದರು. ಬೆಳಗಾಗುವಷ್ಟರಲ್ಲಿ ಸುಮಾರು 440 ಬಿಲಿಯನ್ ಯೂರೋಗೆ ಸರ್ಕಾರ ಜಾಮೀನು ನಿಂತಿತ್ತು. ಮುಂದಿನ ತಿಂಗಳೇ ಬಜೆಟ್. ಅದರಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಸಿಗುತ್ತಿದ್ದ ಉಚಿತ ವೈದ್ಯಕೀಯ ಕಾರ್ಡಿಗೆ ಕತ್ತರಿ. ಮುದುಕರು ಬೀದಿಗಿಳಿದರು. ಕೋಲೂರಿಕೊಂಡು, ವೀಲ್‌ಚೇರಿನಲ್ಲಿ ಕೂತು, ಸಂಸತ್ತಿನ ಮುಂದೆ ಸಾವಿರಾರು ಜನ. ಸರ್ಕಾರ ಹೆದರಿ ಕಾರ್ಡ್ ಸಿಗುವ ಆದಾಯದ ಮಿತಿಯನ್ನು ಏರಿಸಿತು. ಆದರೆ ಸಿಟ್ಟು ಹೋಗಲಿಲ್ಲ.

ಆ ಸಿಟ್ಟನ್ನು ನಾನು ಹತ್ತಿರದಿಂದ ನೋಡಿದ್ದು 2009ರ ಸ್ಥಳೀಯ ಚುನಾವಣೆಯಲ್ಲಿ. ಇಲ್ಲಿ ಸ್ಥಳೀಯ ಚುನಾವಣೆಗೆ ಪೌರತ್ವ ಬೇಕಿಲ್ಲ. ಇಲ್ಲಿ ವಾಸವಿದ್ದು ಪಟ್ಟಿಯಲ್ಲಿ ಹೆಸರಿದ್ದರೆ ಭಾರತದ ಪಾಸ್‌ಪೋರ್ಟಿನವರೂ ಮತ ಹಾಕಬಹುದು. ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ಗ್ರೀನ್ ಪಕ್ಷದ ಅಭ್ಯರ್ಥಿಯೊಬ್ಬರು ಮನೆ ಬಾಗಿಲಿಗೆ ಬಂದರು. ಮೈಕಿಲ್ಲ, ಹಿಂಬಾಲಕರಿಲ್ಲ. ಒದ್ದೆ ಜಾಕೆಟ್ಟಿನ ಒಬ್ಬ ಹೆಂಗಸು, ಜೊತೆಗೆ ಕರಪತ್ರದ ಚೀಲ ಹಿಡಿದ ಹುಡುಗ. ನಮ್ಮ ಬೀದಿಯ ಫುಟ್‌ಪಾತ್ ವಿಷಯ ಮಾತಾಡುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಬಾಗಿಲು ತೆಗೆದರು. ನಿವೃತ್ತ ಬಸ್ ಡ್ರೈವರ್, ನನ್ನ ಜೊತೆ ಯಾವಾಗಲೂ ಹವಾಮಾನ ಬಿಟ್ಟು ಬೇರೆ ಮಾತಾಡಿದವರಲ್ಲ.

"ನನ್ನ ಕಾರ್ಡ್ ಕಿತ್ತುಕೊಂಡವರು ಬಂದ್ರಾ?" ಅಂದರು.

ಆಕೆ "ಅದನ್ನ ಸರಿ ಮಾಡಿಸಿದ್ವಲ್ಲ ಸರ್, ನಿಮಗೆ ಕಾರ್ಡ್ ಉಳಿದಿರಬೇಕು" ಅಂದರು.

"ಉಳಿದಿದೆ. ಆದ್ರೆ ಕಿತ್ತುಕೊಳ್ಳೋಕೆ ಬಂದಿದ್ರಿ ತಾನೆ?"

ಆಕೆಯ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಕರಪತ್ರ ಕೊಟ್ಟು ಮುಂದಿನ ಮನೆಗೆ ಹೋದರು. ಆ ಜೂನಿನಲ್ಲಿ ಡಬ್ಲಿನ್ ನಗರಸಭೆಯಲ್ಲಿ ಗ್ರೀನ್ಸ್‌ಗೆ ಒಂದೂ ಸೀಟು ಉಳಿಯಲಿಲ್ಲ. ದೇಶದ ಕೌಂಟಿ ಮತ್ತು ನಗರಸಭೆಗಳನ್ನೆಲ್ಲ ಸೇರಿಸಿದರೆ ಉಳಿದವರು ಮೂರು ಜನ.

ಇಲ್ಲಿಯ ಮತದಾನದ ಲೆಕ್ಕ ಗೊತ್ತಾದರೆ ಚಿಕ್ಕ ಪಕ್ಷಕ್ಕೆ ಯಾಕೆ ಅಷ್ಟು ಜೋರು ಏಟು ಬೀಳುತ್ತದೆ ಎಂದು ಅರ್ಥವಾಗುತ್ತದೆ. ನಮ್ಮಂತೆ ಒಬ್ಬರಿಗೆ ಒಂದು ಗುಂಡಿ ಒತ್ತಿ ಬರುವುದಲ್ಲ. ಪಟ್ಟಿಯಲ್ಲಿರುವ ಹೆಸರುಗಳ ಮುಂದೆ 1, 2, 3 ಎಂದು ಇಷ್ಟದ ಪ್ರಕಾರ ನಂಬರ್ ಹಾಕಬೇಕು. ಒಂದು ಕ್ಷೇತ್ರಕ್ಕೆ ಮೂರು, ನಾಲ್ಕು ಅಥವಾ ಐದು ಸೀಟು. ನಾನು 1 ಹಾಕಿದವರು ಎಣಿಕೆಯಿಂದ ಹೊರಬಿದ್ದರೆ ನನ್ನ ಮತ 2 ಹಾಕಿದವರಿಗೆ ಹೋಗುತ್ತದೆ. ದೊಡ್ಡ ಪಕ್ಷ ಬದುಕುವುದು ಮೊದಲ ನಂಬರಿನ ಮೇಲೆ. ಅದಕ್ಕೆ ಅಪ್ಪನ ಕಾಲದಿಂದ ಮತ ಹಾಕುವವರಿದ್ದಾರೆ. ಗ್ರೀನ್ಸ್ ಬದುಕುವುದು ಎರಡು, ಮೂರನೇ ನಂಬರಿನ ಮೇಲೆ. "ಒಳ್ಳೆಯ ಜನ, ಇವರಿಗೂ ಒಂದು ಹಾಕೋಣ" ಎನ್ನುವವರ ಮೇಲೆ. ಬೈಸಿಕೊಳ್ಳುವ ಸರ್ಕಾರದಲ್ಲಿ ಕೂತ ದಿನ ಮೊದಲು ಹೋಗುವುದೇ ಈ ಒಳ್ಳೆಯತನದ ಮತ. ಇಷ್ಟಪಟ್ಟವರು ಕಡಿಮೆಯಾದರೂ ಬದುಕಬಹುದು. ಯಾರೂ ಮೂರನೇ ನಂಬರನ್ನೂ ಕೊಡದಿದ್ದರೆ ಕಥೆ ಮುಗಿಯಿತು.

ಇದು ಆರ್‌ಡಿಎಸ್‌ನಲ್ಲಿ ಕೂತವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಆ ಪಕ್ಷದ ಸದಸ್ಯ. ಅವತ್ತು ಹೋಗಿ ಮತ ಹಾಕಿ ಬಂದಿದ್ದ. ಸೋಮವಾರ ಚಹಾ ಹೊತ್ತಿನಲ್ಲಿ ಕೇಳಿದೆ: "ಯಾಕಪ್ಪಾ ಉಳಿದ್ರಿ?"

"ಹೊರಗೆ ಬಂದ್ರೆ ನಾಳೆನೇ ಚುನಾವಣೆ. ನಾಳೆನೇ ಸಾಯ್ತೀವಿ. ಉಳಿದ್ರೆ ಎರಡು ವರ್ಷ ಕೆಲಸ ಮಾಡಿ ಸಾಯ್ತೀವಿ" ಅಂದ. ನಗುತ್ತಲೇ ಹೇಳಿದ, ಆದರೆ ತಮಾಷೆಗಲ್ಲ.

ಅವತ್ತಿನ ಒಪ್ಪಂದದಲ್ಲಿ ಅವರಿಗೆ ಸಿಕ್ಕಿದ್ದು ಸಣ್ಣದೇನಲ್ಲ. ಕಾಲೇಜು ಶುಲ್ಕ ಮತ್ತೆ ತರುವುದಿಲ್ಲ, ಶಾಲೆಗಳಿಗೆ ಐನೂರು ಹೆಚ್ಚುವರಿ ಶಿಕ್ಷಕರು, ಕಾರ್ಬನ್ ತೆರಿಗೆ. ಬದಲಿಗೆ ಅವರು ನುಂಗಬೇಕಾಗಿದ್ದು ನಾಮಾ. ಬಿಲ್ಡರುಗಳ ಕೆಟ್ಟ ಸಾಲವನ್ನು ಬ್ಯಾಂಕುಗಳಿಂದ ಕೊಳ್ಳುವ ಸರ್ಕಾರಿ ಸಂಸ್ಥೆ ಅದು. ಕಡೆಗೆ 74 ಬಿಲಿಯನ್ ಯೂರೋ ಸಾಲವನ್ನು ಸುಮಾರು 32 ಬಿಲಿಯನ್ ಕೊಟ್ಟು ತೆಗೆದುಕೊಂಡಿತು. ಅದೇ ಸಭೆಯಲ್ಲಿ ಇದಕ್ಕೂ ಬೇರೆ ಮತ ನಡೆಯಿತು. ಅದೂ ದಾಟಿತು, ಆದರೆ ಅಷ್ಟು ಸಲೀಸಾಗಿ ಅಲ್ಲ.

ಇಲ್ಲಿ ನಮ್ಮೂರಿನ ನೆನಪು ಬರದೆ ಇರುತ್ತದೆಯೇ? 2006ರಲ್ಲಿ ನಮ್ಮಲ್ಲಿ ಇಪ್ಪತ್ತಿಪ್ಪತ್ತು ತಿಂಗಳ ಒಪ್ಪಂದವಾಯಿತು. 2007ರಲ್ಲಿ ಅದು ಮುರಿಯಿತು. 2018ರಲ್ಲಿ 37 ಸೀಟಿನ ಪಕ್ಷದವರು ಮುಖ್ಯಮಂತ್ರಿಯಾದರು. ಮರುವರ್ಷ ಶಾಸಕರು ಮುಂಬೈ ಹೋಟೆಲ್ ಸೇರಿದರು. ಸೇರುವುದು, ಬಿಡುವುದು ಎಲ್ಲ ಮನೆಯ ಹಾಲಿನಲ್ಲೋ ರೆಸಾರ್ಟಿನಲ್ಲೋ ಮುಗಿಯಿತು. ಬೂತ್ ಮಟ್ಟದ ಕಾರ್ಯಕರ್ತನನ್ನು ಕರೆದು ಕೈಗೆ ಮತಪತ್ರ ಕೊಟ್ಟು "ನೀನೇನಂತೀಯ?" ಅಂತ ಕೇಳಿದ್ದನ್ನು ನಾನಂತೂ ನೋಡಿಲ್ಲ. ಇಲ್ಲಿ ಕೇಳಿದರು. ಪಕ್ಷ ಮುಳುಗಿದಾಗ ನಾಯಕರೊಬ್ಬರೇ ಮುಳುಗಿಸಿದರು ಎನ್ನಲು ಆ 523 ಜನರಿಗೆ ದಾರಿ ಇರಲಿಲ್ಲ.

ಉಳಿದದ್ದು ಸರಿ ಅಂತ ನಾನು ಹೇಳಿದರೂ, ಆಮೇಲೆ ಅವರು ನಡೆದುಕೊಂಡ ರೀತಿಗೆ ಸಮರ್ಥನೆ ಇಲ್ಲ. ದೇಶ ದಿವಾಳಿಯತ್ತ ಹೋಗುತ್ತಿದ್ದ 2010ರ ಬೇಸಿಗೆಯಲ್ಲಿ ಇವರು ಜಿಂಕೆ ಬೇಟೆ ನಿಷೇಧಕ್ಕೂ ನಾಯಿ ಸಾಕಣೆ ಕಾಯ್ದೆಗೂ ಹಟ ಹಿಡಿದು ಕೂತಿದ್ದರು. ಕಾಯ್ದೆ ಕೆಟ್ಟದ್ದೇನಲ್ಲ. ಹೊತ್ತು ಗೊತ್ತು ಬೇಡ್ವಾ? ನವೆಂಬರಿನಲ್ಲಿ ಐಎಂಎಫ್ ಮತ್ತು ಯುರೋಪಿನವರು ಡಬ್ಲಿನ್ನಿಗೆ ಬಂದಿಳಿದರು. ಒಟ್ಟು 85 ಬಿಲಿಯನ್ ಯೂರೋ ನೆರವಿನ ಪ್ಯಾಕೇಜು. 22ರ ಸೋಮವಾರ ಗಾರ್ಮ್ಲಿ "ಜನವರಿಯಲ್ಲಿ ಚುನಾವಣೆಯ ದಿನ ನಿಗದಿಯಾಗಲಿ, ಬಜೆಟ್ ಪಾಸು ಮಾಡಿ ನಾವು ಹೊರಡುತ್ತೇವೆ" ಅಂದರು. ಹೊರಡುತ್ತೇವೆ ಅಂದರು, ಹೊರಡಲಿಲ್ಲ. ಎರಡು ತಿಂಗಳು ಹೊಸಿಲ ಮೇಲೆ ನಿಂತರು. ಒಳಗಿದ್ದ ಬೈಗುಳವೂ ಅವರಿಗೆ, ಓಡಿಹೋಗುತ್ತಿದ್ದಾರೆ ಎಂಬ ಬೈಗುಳವೂ ಅವರಿಗೆ. 2011ರ ಜನವರಿಯಲ್ಲಿ, ರಾಜೀನಾಮೆ ಕೊಟ್ಟ ಸಚಿವರ ಜಾಗಕ್ಕೆ ಕೌವನ್ ಹೊಸಬರನ್ನು ತುಂಬಲು ಹೊರಟರು. ಗ್ರೀನ್ಸ್ ಒಪ್ಪಲಿಲ್ಲ. ಆ ರಂಪಾಟವೆಲ್ಲ ಆದ ಮೇಲೆ, 23ರ ಭಾನುವಾರ, ಹೊರಗೆ ಬಂದರು.

ಫೆಬ್ರವರಿ 25ಕ್ಕೆ ಚುನಾವಣೆ. ಆರಕ್ಕೆ ಆರೂ ಹೋಯಿತು. ಮೊದಲ ನಂಬರಿನ ಮತ ನೂರಕ್ಕೆ 1.8. ಎರಡು ದಾಟಿದ್ದರೆ ಪಕ್ಷಕ್ಕೆ ಸರ್ಕಾರದ ಅನುದಾನ ಸಿಗುತ್ತಿತ್ತು, ಅದೂ ಹೋಯಿತು. ಗಾರ್ಮ್ಲಿ ಅದೇ ಸೌತ್ ಈಸ್ಟ್‌ನಲ್ಲಿ ಸೋತರು. ಆ ಸೋಮವಾರ ನನ್ನ ಸಹೋದ್ಯೋಗಿ ಚಹಾಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ.

ನನಗೆ ಸಿಟ್ಟು ಬರುವುದು ಅದರ ಮುಂದಿನ ಭಾಗಕ್ಕೆ. ಫಿಯಾನಾ ಫಾಲ್ ಆ ಸಲ 78ರಿಂದ 20ಕ್ಕೆ ಬಿತ್ತು, ನಿಜ. ಆದರೆ 2016ರಲ್ಲಿ 44, 2024ರಲ್ಲಿ 48. ಮತ್ತೆ ಎಲ್ಲಕ್ಕಿಂತ ದೊಡ್ಡ ಪಕ್ಷ. ಕೌವನ್ ಸಂಪುಟದಲ್ಲಿದ್ದ ಮೀಹಾಲ್ ಮಾರ್ಟಿನ್ ಈಗ ಪ್ರಧಾನಿ. ಬ್ಯಾಂಕುಗಳ ಕಾಲದಲ್ಲಿ ಗಾಡಿ ಓಡಿಸಿದವರು ವಾಪಸ್ಸು ಸ್ಟಿಯರಿಂಗ್ ಹಿಡಿದಿದ್ದಾರೆ. ಗ್ರೀನ್ಸ್ ಎರಡು ಸೀಟಿಗೆ ಏರಲೇ ಐದು ವರ್ಷ ಬೇಕಾಯಿತು. 2011ರಲ್ಲಿ ಅವರನ್ನು ನೋಡಿ ನಕ್ಕ ಲೇಬರ್ ಪಕ್ಷ 37 ಸೀಟು ಹಿಡಿದು ಇನ್ನೊಂದು ದೊಡ್ಡ ಪಕ್ಷವಾದ ಫಿನ ಗೇಲ್ ಜೊತೆ ಸರ್ಕಾರಕ್ಕೆ ಹೋಯಿತು, ಐದು ವರ್ಷ ಖರ್ಚು ಕಡಿತಕ್ಕೆ ತಲೆದೂಗಿತು, ಏಳು ಸೀಟಿಗೆ ಇಳಿಯಿತು.

ಇಷ್ಟೆಲ್ಲ ನೋಡಿಯೂ ಗ್ರೀನ್ಸ್ 2020ರಲ್ಲಿ ಮತ್ತೆ ಹೋದರು! ಹನ್ನೆರಡು ಸೀಟು ಬಂದಿತ್ತು. ಕೋವಿಡ್ ಕಾಲವಾದ್ದರಿಂದ ಸದಸ್ಯರಿಂದ ಅಂಚೆಯಲ್ಲಿ ಮತ ತರಿಸಿದರು, ನೂರಕ್ಕೆ 76 ಜನ ಹೂಂ ಅಂದರು. ನಾಯಕ ಏಮನ್ ರಯನ್. ಕೋವಿಡ್ ಶುರುವಿನಲ್ಲಿ ಕಿಟಕಿಯ ಕಟ್ಟೆಯ ಮೇಲೆ ಸೊಪ್ಪು ಬೆಳೆಯಿರಿ ಎಂದು ಸಂಸತ್ತಿನಲ್ಲಿ ಹೇಳಿ ನಗೆಪಾಟಲಾದವರು ಇವರೇ. ಬಸ್ ದರ ಇಪ್ಪತ್ತು ಪರ್ಸೆಂಟ್ ಇಳಿಯಿತು. ಈಗ ಎರಡು ಯೂರೋ ಕೊಟ್ಟರೆ ಡಬ್ಲಿನ್ನಿನಲ್ಲಿ ಒಂದೂವರೆ ಗಂಟೆ ಬಸ್ಸು, ಟ್ರಾಮು ಬದಲಿಸಿಕೊಂಡು ಓಡಾಡಬಹುದು. 2024ರ ನವೆಂಬರಿನಲ್ಲಿ ಜನ ಅದೇ ಬಸ್ಸಿನಲ್ಲಿ ಹೋಗಿ ಮತ ಹಾಕಿ ಬಂದರು. ಹನ್ನೆರಡರಲ್ಲಿ ಉಳಿದದ್ದು ಒಂದು, ರಾಡ್ರಿಕ್ ಓಗಾರ್ಮನ್ ಅವರದ್ದು.

ಮೊದಲ ಸಲದ್ದೂ ಎಲ್ಲ ಅಳಿಸಿಹೋಗಿಲ್ಲ. ನಾನು ಸೈಕಲ್ ಕೊಂಡದ್ದು 2009ರಲ್ಲಿ ಶುರುವಾದ ಯೋಜನೆಯಲ್ಲಿ. ಕಂಪನಿ ಕೊಂಡು ಕೊಡುತ್ತದೆ, ತೆರಿಗೆ ಕತ್ತರಿಸುವ ಮೊದಲೇ ಸಂಬಳದಿಂದ ಹಿಡಿಯುತ್ತದೆ, ಸಾವಿರ ಯೂರೋ ತನಕ. ಹತ್ತಿರಹತ್ತಿರ ಅರ್ಧ ಬೆಲೆಗೆ ಸಿಕ್ಕಿತು. ಆಮೇಲೆ ಬಂದ ಯಾವ ಸರ್ಕಾರವೂ ಅದನ್ನು ತೆಗೆಯಲಿಲ್ಲ, ಮಿತಿಯನ್ನು ಜಾಸ್ತಿ ಮಾಡಿತು. ಕಾರ್ಬನ್ ತೆರಿಗೆ ಟನ್ನಿಗೆ 15 ಯೂರೋದಿಂದ ಶುರುವಾಗಿದ್ದು ಏರುತ್ತಲೇ ಇದೆ. ಹೊರಸೂಸುವ ಹೊಗೆ ನೋಡಿ ಕಾರಿನ ತೆರಿಗೆ ಹಾಕುವ ಪದ್ಧತಿ ಕೂಡ 2008ರದ್ದೇ.

ಈಗ ಫಿಯಾನಾ ಫಾಲ್, ಫಿನ ಗೇಲ್ ಎರಡೂ ಸೇರಿ ಪಕ್ಷೇತರರ ಬೆಂಬಲದಲ್ಲಿ ನಡೆಸುತ್ತಿವೆ. ಲೇಬರ್ ಮತ್ತು ಸೋಶಿಯಲ್ ಡೆಮಾಕ್ರಾಟ್ಸ್ ಇಬ್ಬರ ಹತ್ತಿರವೂ ಹನ್ನೊಂದು ಹನ್ನೊಂದು ಸೀಟಿತ್ತು, ಮಾತುಕತೆಯೂ ಆಯಿತು. ಇಬ್ಬರೂ ಒಳಗೆ ಹೋಗಲಿಲ್ಲ. ಬುದ್ಧಿವಂತರು ಅಂತ ನನ್ನ ಸಹೋದ್ಯೋಗಿಗೆ ಅಂದೆ. "ಹೌದು, ಆದ್ರೆ ಐದು ವರ್ಷ ಏನು ಮಾಡ್ತಾರೆ ಅಲ್ಲಿ ಕೂತು?" ಅಂದ. ಆತ ಇನ್ನೂ ಸದಸ್ಯ. ಮುಂದಿನ ಸಲ ಮತಪತ್ರ ಬಂದರೆ ಮತ್ತೆ ಹೂಂ ಅಂತಾನಂತೆ.