ಕಾಳಹಸ್ತಿ ದಾರಿಯಲ್ಲಿ ಒಂದು ಎಗ್ ಪಫ್ಸ್

ಕೋಲಾರ ಬಿಟ್ಟಾಗ ಇನ್ನೂ ಕತ್ತಲೆ. ಚಿತ್ತೂರಿಗೆ ಮುಂಚೆ ಎಲ್ಲೋ ಬಸ್ಸು ಟೀಗೆ ಅಂತ ಒಂದು ಬೇಕರಿ ಹತ್ತಿರ ನಿಂತಿತು. ಅಮ್ಮ ವೆಜ್ ಪಫ್ಸ್ ಕೇಳಿದಳು. ಅಲ್ಲಿದ್ದ ಹುಡುಗ ಫೋನಿನಲ್ಲಿ ಮಾತಾಡುತ್ತಲೇ ಪೇಪರಿನಲ್ಲಿ ಸುತ್ತಿ ಕೊಟ್ಟ. ಬಸ್ಸು ಹೊರಟು ಹತ್ತು ನಿಮಿಷ ಆಗಿರಬಹುದು, ಅಮ್ಮ ನನ್ನ ತೋಳು ತಿವಿದಳು.

"ಲೋ, ಇದರಲ್ಲಿ ಮೊಟ್ಟೆ ಇತ್ತು ಕಣೋ."

ನಮ್ಮದೇನು ಮಡಿ ಮನೆಯಲ್ಲ. ಭಾನುವಾರ ಬಂದರೆ ಮಸಾಲೆ ರುಬ್ಬುವ ಸದ್ದು ಬೀದಿಗೆ ಕೇಳುತ್ತದೆ. ಆದರೆ ಕಾಳಹಸ್ತಿಗೆ ಹೊರಡೋದು ಅಂತ ಎಂಟು ದಿನದಿಂದ ಅಮ್ಮ ಮಾಂಸ, ಮೊಟ್ಟೆ ಎಲ್ಲ ಬಿಟ್ಟಿದ್ದಳು. ಫ್ರಿಜ್ಜಿನ ಮೊಟ್ಟೆ ಟ್ರೇ ಪಕ್ಕದ ಮನೆಗೆ ಹೋಗಿತ್ತು. ತಮ್ಮನಿಗೆ ಮೂವತ್ತೈದಾದರೂ ಮದುವೆ ಆಗಿಲ್ಲ, ಅವನ ಹೆಸರಲ್ಲಿ ರಾಹು-ಕೇತು ಪೂಜೆ ಮಾಡಿಸಬೇಕಿತ್ತು. ಎಂಟು ದಿನದ ನೇಮ ಒಂದು ಪಫ್ಸಿನಲ್ಲಿ ಮುಗಿಯಿತು. ಈ ಕಡೆ ಹೋಗುವವರಿಗೆ ನನ್ನದೊಂದು ಮಾತು: ಪಫ್ಸ್ ಕೈಗೆ ಬಂದ ತಕ್ಷಣ ಮುರಿದು ನೋಡಿ. ವೆಜ್ಜು, ಎಗ್ಗು ಎರಡೂ ಹೊರಗಿಂದ ಒಂದೇ ಥರ ಇರುತ್ತವೆ. ಬಸ್ಸು ಹೊರಟ ಮೇಲೆ ಯಾರ ಹತ್ತಿರ ಜಗಳ ಆಡ್ತೀರಿ?

ತಿರುಪತಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಕಾಳಹಸ್ತಿಗೆ ಮೂವತ್ತಾರು ಕಿಲೋಮೀಟರು. ಅಷ್ಟು ದೂರವೂ ಅಮ್ಮ ಮಾತಾಡಲಿಲ್ಲ.

ಪೂಜೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟಿಕೆಟ್ಟಿನಲ್ಲಿ ಹಲವು ದರ ಇವೆ. ದುಡ್ಡು ಹೆಚ್ಚಿದಷ್ಟೂ ಕೂರಿಸುವ ಜಾಗ ದೇವರಿಗೆ ಹತ್ತಿರ. ನನಗೆ ಇದು ಹಿಡಿಸಲಿಲ್ಲ. ಹಾಗಂತ ನಾನು ಕೊಂಡದ್ದೂ ದುಬಾರಿ ಟಿಕೆಟ್ಟೇ. ಸಾಲಾಗಿ ಕೂರಿಸಿದರು. ಮುಂದೆ ಉದ್ದು, ಹುರುಳಿ, ಬೆಳ್ಳಿಯ ಎರಡು ಪುಟ್ಟ ನಾಗ. ಮೈಕಿನಲ್ಲಿ ಹೇಳಿದಂತೆ ಎಲ್ಲರೂ ಮಾಡಿದೆವು. ಅಮ್ಮನ ಕೈ ನಡುಗುತ್ತಿತ್ತು. ಆಮೇಲೆ ದರ್ಶನ. ಇದು ಪಂಚಭೂತ ಲಿಂಗಗಳಲ್ಲಿ ವಾಯುಲಿಂಗ. ಗಾಳಿಯಾಡದ ಗರ್ಭಗುಡಿಯಲ್ಲೂ ಒಂದು ದೀಪ ಅಲುಗಾಡುತ್ತಲೇ ಇರುತ್ತದೆ ಅಂತಾರೆ. ಅರ್ಚಕರು ಕೂಡ ಲಿಂಗವನ್ನು ಕೈಯಿಂದ ಮುಟ್ಟುವುದಿಲ್ಲವಂತೆ. ಅಮ್ಮ ದೀಪವನ್ನೂ ನೋಡಲಿಲ್ಲ, ಲಿಂಗವನ್ನೂ ನೋಡಲಿಲ್ಲ. ತಲೆ ತಗ್ಗಿಸಿಕೊಂಡೇ ಹೊರಗೆ ಬಂದಳು.

ನಾನು ಇಷ್ಟೆಲ್ಲ ಬರೆಯೋಕೆ ಕಾರಣ ಆಮೇಲೆ ಆದದ್ದು.

ಗುಡಿಯ ಪಕ್ಕದಲ್ಲೇ ಕಣ್ಣಪ್ಪನ ಗುಡ್ಡ. ಮೆಟ್ಟಿಲ ಬುಡದಲ್ಲಿ ಒಬ್ಬ ಅಜ್ಜಿ ಹೂ ಕಟ್ಟುತ್ತಾ ಕೂತಿದ್ದರು. ಬಾಯಲ್ಲಿ ಎಲೆ-ಅಡಿಕೆ, ಕಾಲಿನ ಹೆಬ್ಬೆರಳಿಗೆ ದಾರ. ಅಮ್ಮ ಗುಡ್ಡ ನೋಡುತ್ತಾ ನಿಂತವಳು ಏನನ್ನಿಸಿತೋ, ಅಜ್ಜಿ ಹತ್ತಿರ ಹೋಗಿ ಕೂತಳು. ನಮ್ಮ ಕಡೆ ಎಲ್ಲರಿಗೂ ತೆಲುಗು ಬರುತ್ತೆ, ಮಾತಿಗೆ ತೊಂದರೆ ಇಲ್ಲ.

"ಅಕ್ಕಾ, ಮೊಟ್ಟೆ ತಿಂದವರು ಮೇಲೆ ಹತ್ತಬಹುದಾ?"

ಅಜ್ಜಿ ತಲೆ ಎತ್ತಲಿಲ್ಲ. "ಮೇಲೆ ಇರೋನು ಹಂದಿ ತಂದು ಕೊಟ್ಟೋನು ಕಣಮ್ಮಾ."

ಕಣ್ಣಪ್ಪನ ಕತೆ ನಿಮಗೂ ಗೊತ್ತು ಅಲ್ವಾ. ಬೇಡರ ದಿಣ್ಣ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಮಾಂಸ. ನೀರು ತರೋದು ಹೇಗೆ? ಬಾಯಲ್ಲೇ ತುಂಬಿಕೊಂಡು ಬಂದ. ಹೂ ತಲೆಗೂದಲಿನಲ್ಲಿ. ಬಾಯಿ ನೀರಿನಲ್ಲೇ ಅಭಿಷೇಕ. ಸುಟ್ಟ ಹಂದಿ ಮಾಂಸವನ್ನು ಮೆಲ್ಲಗೆ ಕಚ್ಚಿ, ರುಚಿ ಇದ್ದ ತುಂಡನ್ನೇ ಎಡೆ ಇಟ್ಟ. ಮಾರನೇ ದಿನ ಪೂಜಾರಿ ಬಂದು ನೋಡಿ ಹೌಹಾರಿ, ಎಲ್ಲ ಗುಡಿಸಿ ತೊಳೆದ. ಲಿಂಗದ ಕಣ್ಣಲ್ಲಿ ರಕ್ತ ಬಂದಾಗ ದಿಣ್ಣ ತನ್ನ ಕಣ್ಣು ಕಿತ್ತಿಟ್ಟ. ಇನ್ನೊಂದು ಕಣ್ಣಲ್ಲೂ ರಕ್ತ. ಎರಡನೆಯದನ್ನೂ ಕಿತ್ತರೆ ಜಾಗ ಕಾಣೋದು ಹೇಗೆ? ಗುರುತಿಗೆ ಅಂತ ಲಿಂಗದ ಮೇಲೆ ಕಾಲಿಟ್ಟ. ಅರ್ಚಕರೂ ಮುಟ್ಟದ ಲಿಂಗ ಇದೇ!

ಅಮ್ಮನಿಗೆ ಕಣ್ಣಪ್ಪ ಅಂದರೆ ರಾಜ್‌ಕುಮಾರ್. 1954ರ ಆ ಸಿನಿಮಾವನ್ನು ಎಷ್ಟೋ ವರ್ಷದ ಮೇಲೆ ಟೆಂಟಿನಲ್ಲಿ ನೋಡಿ ಅತ್ತಿದ್ದಳಂತೆ. ಆದರೂ ಬಿಡಲಿಲ್ಲ.

"ಅವನಿಗೆ ಗೊತ್ತಿರಲಿಲ್ಲ, ಪಾಪ. ಕಾಡಿನೋನು."

"ನಿಂಗೆ ಗೊತ್ತಿತ್ತಾ?"

"ನಂಗೂ ಗೊತ್ತಿರಲಿಲ್ಲ."

"ಮತ್ತೆ?"

ಅಮ್ಮ ಸುಮ್ಮನಾದಳು. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಆಮೇಲೆ ನನಗೆ ಕೇಳಿಸಬಾರದು ಅನ್ನುವ ಹಾಗೆ ಮೆಲ್ಲಗೆ ಅಂದಳು, "ಎರಡನೇ ಸಲ ಕಚ್ಚಿದಾಗ ಗೊತ್ತಾಯ್ತು. ಇಪ್ಪತ್ತೈದು ರೂಪಾಯಿ ಕೊಟ್ಟಿದ್ದೆ. ಹಸಿವೂ ಆಗಿತ್ತು. ಪೂರ್ತಿ ತಿಂದುಬಿಟ್ಟೆ."

ಅಜ್ಜಿಯ ಕೈ ನಿಂತಿತು. ಅಮ್ಮನ ಮುಖವನ್ನೇ ಒಂದು ಗಳಿಗೆ ನೋಡಿದರು.

"ಹಂಗಾದ್ರೆ ಎರಡು ಮೊಳ ತಗೋ."

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಗೋಕೆ ಶುರು ಮಾಡಿದಳು. ಬೆಳಿಗ್ಗೆಯಿಂದ ಅದೇ ಮೊದಲು. ಅಜ್ಜಿಯೂ ನಕ್ಕರು. ದುಡ್ಡು ಮಾತ್ರ ಎರಡು ಮೊಳದ್ದೇ ತಗೊಂಡರು, ಬಿಡಲಿಲ್ಲ. ಎದ್ದು ಹೊರಟಾಗ ಅಜ್ಜಿ ಇನ್ನೊಂದು ಮಾತು ಹೇಳಿದರು. ಶಿವರಾತ್ರಿ ಉತ್ಸವಕ್ಕೆ ಮೊದಲ ಬಾವುಟ ಏರೋದು ಈ ಗುಡ್ಡದ ಮೇಲೆ, ಕಣ್ಣಪ್ಪನಿಗೆ. ಕೆಳಗಿನ ದೊಡ್ಡ ಗುಡಿಯಲ್ಲಿ ಆಮೇಲೆ. "ಸ್ವಾಮಿನೇ ಹಂಗೆ ಹೇಳಿರೋದು," ಅಂದರು, ನಿನ್ನೆ ಮೊನ್ನೆ ಎದುರಿಗೆ ನಿಂತು ಕೇಳಿಸಿಕೊಂಡವರ ಹಾಗೆ.

ಮಂಡಿನೋವಿನ ಅಮ್ಮ ಮೂರು ಕಡೆ ಕೂತು ಹತ್ತಿದಳು. ಮೇಲೆ ಕಣ್ಣಪ್ಪನ ಪುಟ್ಟ ಗುಡಿ. ಟಿಕೆಟ್ ಇಲ್ಲ, ಮೈಕ್ ಇಲ್ಲ. ನಾವು ಹೋದಾಗ ಇನ್ನಿಬ್ಬರು ಇದ್ದರು, ಅಷ್ಟೇ. ಅಮ್ಮ ಹೂ ಕೊಟ್ಟು ಕಣ್ಣು ಬಿಟ್ಟುಕೊಂಡೇ ಕೈ ಮುಗಿದಳು, ತುಂಬಾ ಹೊತ್ತು. ಏನು ಬೇಡಿಕೊಂಡೆ ಅಂತ ನಾನು ಕೇಳಲಿಲ್ಲ.

ಅಲ್ಲಿಂದ ಸ್ವರ್ಣಮುಖಿ ನದಿ, ದೊಡ್ಡ ಗುಡಿ, ರಾಜಗೋಪುರ ಎಲ್ಲ ಕಾಣುತ್ತವೆ. ಕೃಷ್ಣದೇವರಾಯ 1516ರಲ್ಲಿ ಕಟ್ಟಿಸಿದ ಗೋಪುರ 2010ರ ಮೇ 26ರ ರಾತ್ರಿ ಕುಸಿದು ಬಿತ್ತು. ಈಗ ಇರೋದು ಹೊಸದು, ಕುಂಭಾಭಿಷೇಕ ಆದದ್ದು 2017ರಲ್ಲಿ. ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. "ಅಷ್ಟು ದೊಡ್ಡ ರಾಜ ಕಟ್ಟಿಸಿದ್ದೇ ಬಿತ್ತಾ?" ಅಂತ ಗೋಪುರದ ಕಡೆ ನೋಡಿದಳು. ಆಮೇಲೆ ಹಿಂದೆ ತಿರುಗಿ ಪುಟ್ಟ ಗುಡಿಯ ಕಡೆ. "ನಡಿ, ಬಿಸಿಲೇರ್ತಿದೆ."

ಕಾಳಹಸ್ತಿಗೆ ಹೋದವರು ಬೇರೆಲ್ಲೂ ಹೋಗದೆ ಸೀದಾ ಮನೆಗೆ ಬರಬೇಕು ಅಂತಾರೆ. ತಿರುಪತಿಯಲ್ಲಿ ಚಿಕ್ಕಮ್ಮ ಊಟಕ್ಕೆ ಕರೆದಿದ್ದರು, ಅಮ್ಮ ಒಪ್ಪಲಿಲ್ಲ. ವಾಪಸ್ ಬರುವಾಗ ಬಸ್ಸು ಮತ್ತೆ ಅದೇ ಬೇಕರಿ ಮುಂದೆ ನಿಂತಿತು. ನಾನು ಜಗಳಕ್ಕೆ ತಯಾರಾಗಿ ಇಳಿದೆ. ಬೆಳಗಿನ ಹುಡುಗ ಇರಲಿಲ್ಲ, ಇನ್ಯಾರೋ ಇದ್ದರು. ಕಿಟಕಿಯಿಂದ ಅಮ್ಮ ಕೂಗಿದಳು.

"ಎರಡು ಪಫ್ಸ್ ಕಟ್ಟಿಸ್ಕೊಂಡ್ ಬಾ. ಮನೆಗೆ ಹೋಗಿ ಸ್ನಾನ ಮಾಡಿ ತಿಂತೀನಿ."

"ವೆಜ್ಜಾ?"

"ಎಗ್ಗೇ ತಾ. ಬೆಳಿಗ್ಗೆ ಭಯದಲ್ಲಿ ರುಚಿನೇ ಗೊತ್ತಾಗಲಿಲ್ಲ."