ಇವೆಲ್ಲ ಒಂದೇ ಗಿಡ ಅಲ್ವಾ, ಆಂಟಿ?

ಪಕ್ಕದ ಮನೆಯ ಹುಡುಗಿಗೆ ಈಗ ಮೂರನೇ ಕ್ಲಾಸು. ಅವಳ ಶಾಲೆಯ ಕೈತೋಟಕ್ಕೆಂದು ನಾನು ಬೇರು ಬರಿಸಿಟ್ಟ ದಾಸವಾಳದ ಕುಂಡಗಳ ಸಾಲನ್ನು ನೋಡಿ, "ಇವೆಲ್ಲ ಯಾವ ಗಿಡದ ಕಡ್ಡಿ?" ಎಂದು ಕೇಳಿದಳು. ಬೇಲಿ ಪಕ್ಕದ ಆ ಒಂದರದ್ದೇ ಎಂಬ ಉತ್ತರ ಸಿಕ್ಕಿತು. ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಇವೆಲ್ಲ ಒಂದೇ ಗಿಡ ಅಲ್ವಾ, ಆಂಟಿ? ಒಂದಕ್ಕೆ ಬಂದ ಕಾಯಿಲೆ ಎಲ್ಲಕ್ಕೂ ಬರುತ್ತೆ" ಅಂದಳು. ಹವಾಯಿಯಲ್ಲಿ ಮಕ್ಕಳು ದೊಡ್ಡವರನ್ನೆಲ್ಲ ಆಂಟಿ, ಅಂಕಲ್ ಎಂದೇ ಕರೆಯುವುದು, ನಮ್ಮೂರಿನ ಹಾಗೇ. ಆದರೆ ಇಂಥ ಮಾತನ್ನು ನಮ್ಮೂರಿನಲ್ಲಿ ಯಾವ ಮಗುವೂ ಆಡಿದ್ದು ಕೇಳಿಲ್ಲ. ದಾಸವಾಳವೆಂದರೆ ಕಂಡವರ ಕಾಂಪೌಂಡಿನಿಂದ ಕಡ್ಡಿ ಮುರಿದು ತಂದು ಊರುವ ಗಿಡ. ಮನೆಯಂಗಳದ ಕೆಂಪು ದಾಸವಾಳದಲ್ಲಿ ಬೀಜ ಕಂಡವರು ಎಷ್ಟು ಜನ ಇದ್ದಾರೆ?

ಆ ಹುಡುಗಿ ಕೇಳಿದ ಗಿಡವೂ ದಾಸವಾಳವೇ, ಹವಾಯಿಗೆ ಮಾತ್ರ ಸೇರಿದ್ದು. ಇಲ್ಲಿನವರ ಬಾಯಲ್ಲಿ ಮಾಓ ಹೌ ಹೆಲೆ, ಶಾಸ್ತ್ರೀಯವಾಗಿ ಹಿಬಿಸ್ಕಸ್ ಬ್ರ್ಯಾಕೆನ್‌ರಿಡ್ಜೈ. ಅಂಗೈಯಗಲದ ಅಪ್ಪಟ ಹಳದಿ ಹೂವು, ಕೆಲವದರಲ್ಲಿ ನಡುವೆ ಕಡುಗೆಂಪು ಕಣ್ಣು. 1923ರಿಂದ ಹವಾಯಿಯ ಹೂವು ಎಂದರೆ ಯಾವ ದಾಸವಾಳವಾದರೂ ನಡೆಯುತ್ತಿತ್ತು, ಹಾಗಾಗಿ ಪೋಸ್ಟ್‌ಕಾರ್ಡುಗಳ ಮೇಲೆಲ್ಲ ಹೊರಗಿನಿಂದ ಬಂದ ಕೆಂಪು ಹೂವೇ ಮೆರೆಯಿತು. 1988ರಲ್ಲಿ ಈ ಹಳದಿ ಹೂವನ್ನೇ ರಾಜ್ಯಪುಷ್ಪ ಎಂದು ಕಾನೂನಿನಲ್ಲಿ ಗೊತ್ತುಮಾಡಿದರು. ಆರೇ ವರ್ಷಕ್ಕೆ, 1994ರಲ್ಲಿ, ಅದು ಅಮೆರಿಕದ ಅಳಿವಿನಂಚಿನ ಸಸ್ಯಗಳ ಪಟ್ಟಿಗೂ ಸೇರಿತು. ಬೆಟ್ಟದ ಒಣ ಇಳಿಜಾರು ಇದರ ನೆಲೆ. ಅಲ್ಲಿಗೆ ದನ, ಆಡುಗಳು ನುಗ್ಗಿದವು, ಆಮೇಲೆ ಆಳೆತ್ತರದ ಗಿನಿ ಹುಲ್ಲು ಹಬ್ಬಿತು. ಆ ಹುಲ್ಲು ಬೇಸಿಗೆಯಲ್ಲಿ ಒಣಗಿ ನಿಂತರೆ ಒಂದು ಕಿಡಿ ಸಾಕು. ಉಳಿದ ಗಿಡಗಳಿಗೆ ಇವತ್ತು ಬೆಂಕಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ.

ಊರಿನಿಂದ ಫೋನು ಬಂದಾಗಲೆಲ್ಲ "ಒಂದು ಕಡ್ಡಿಯೋ ನಾಲ್ಕು ಬೀಜವೋ ತಗೊಂಡು ಬಾ" ಎನ್ನುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಆಗುವುದಿಲ್ಲ. ಕಾಡಿನ ಗಿಡದಿಂದ ಪರವಾನಗಿ ಇಲ್ಲದೆ ಎಲೆ ಕಿತ್ತರೂ ಅಪರಾಧ. ನರ್ಸರಿಯಲ್ಲಿ ಬೆಳೆಸಿದ್ದನ್ನು ಮಾರುವವರಿಗೂ ಲೈಸೆನ್ಸ್ ಬೇಕು, ಮಾರುವ ಗಿಡಕ್ಕೆ ಅದನ್ನು ತೋರಿಸುವ ಟ್ಯಾಗ್ ಇರಬೇಕು. ಭಾರತದ ಕಡೆಯಿಂದ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇರೆ. ಸೂಟ್‌ಕೇಸಿನ ಮೂಲೆಯಲ್ಲಿ ಬಟ್ಟೆಗೆ ಸುತ್ತಿ ತರುವ ನಮ್ಮ ಹಳೇ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕು. ಇಲ್ಲಿನ ಕಾಡು ಸೊರಗಿದ್ದಕ್ಕೆ ಹಾಗೆ ಪ್ರೀತಿಯಿಂದ ತಂದ ಗಿಡ, ಅದರ ಜೊತೆ ಬಂದ ಹುಳವೂ ಒಂದು ಕಾರಣ.

ಟ್ಯಾಗ್ ನೋಡಿ ಕೊಂಡರೂ ಎಲೆಯನ್ನು ಒಮ್ಮೆ ನೋಡಬೇಕು. ಆಫ್ರಿಕಾ ಮೂಲದ ಹಿಬಿಸ್ಕಸ್ ಕ್ಯಾಲಿಫಿಲ್ಲಸ್ ಎಂಬ ಇನ್ನೊಂದು ಹಳದಿ ದಾಸವಾಳವಿದೆ. ಅದರದ್ದೂ ಕಪ್ಪುಗೆಂಪು ಕಣ್ಣಿನ ದೊಡ್ಡ ಹೂವು, ಜನ ಅದನ್ನೇ ರಾಜ್ಯಪುಷ್ಪವೆಂದು ನೆಟ್ಟುಕೊಳ್ಳುತ್ತಾರೆ. ಅದರ ಎಲೆ ಅಗಲ, ಮೆತ್ತಗೆ, ಸೀಳು ಇದ್ದೂ ಇಲ್ಲದಂತೆ. ಮಾಓ ಹೌ ಹೆಲೆಯ ಎಲೆ ಆಳವಾಗಿ ಸೀಳಿರುತ್ತದೆ, ಅಂಚಿಗೆ ಒರಟು ಹಲ್ಲು. ಎಳೆ ಕಾಂಡದ ಮೇಲಿನ ರೋಮ ಬರಿಗೈಗೆ ಚುಚ್ಚಿ ತುರಿಸುವುದೂ ಉಂಟು, ಕೈಗವಸು ಹಾಕಿಕೊಳ್ಳಿ.

ಈಗ ಬೀಜದ ವಿಷಯ. ಹೂವು ಬಿದ್ದ ಮೇಲೆ ಕಾಯಿ ಹಸಿರಾಗಿರುವಾಗಲೇ ಕಿತ್ತರೆ ಬೀಜ ಬಲಿತಿರುವುದಿಲ್ಲ. ತಡಮಾಡಿದರೆ ಒಡೆದು ನೆಲಕ್ಕೆ ಚೆಲ್ಲುತ್ತದೆ, ಇರುವೆ ಸಾಗಿಸುತ್ತದೆ. ಕಾಯಿ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ತೆಳು ಬಟ್ಟೆಯ ಸಣ್ಣ ಚೀಲವನ್ನು ಅದರ ಮೇಲೆ ಕಟ್ಟಿಬಿಡುವುದು ಒಳ್ಳೆಯದು. ತುದಿಯಲ್ಲಿ ಬಿರುಕು ಕಂಡ ದಿನ ಕೀಳಿ, ನೆರಳಲ್ಲಿ ಒಣಗಿಸಿ, ಬೀಜ ಬಿಡಿಸಿ.

ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುವುದಿಲ್ಲ. ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತದೆ, ಒಂದೊಂದೇ ಮನಸ್ಸು ಬಂದಾಗ ಏಳುತ್ತದೆ. ಒಣ ಇಳಿಜಾರಿನಲ್ಲಿ ಬದುಕುವ ಗಿಡಕ್ಕೆ ಅದೇ ಸರಿ, ಒಂದೇ ಮಳೆಗೆ ಎಲ್ಲವೂ ಮೊಳೆತು ಆಮೇಲೆ ಒಣಗಿ ಸಾಯಬಾರದಲ್ಲ. ಕುಂಡದಲ್ಲಿ ಬೆಳೆಸುವವರು ಮಾತ್ರ ಸಿಪ್ಪೆಯನ್ನು ಗೀರಬೇಕು. ಬೀಜವನ್ನು ಬೆರಳುಗಳ ನಡುವೆ ಹಿಡಿದು ನೋಡಿದರೆ ಒಂದು ಕಡೆ ತಗ್ಗಾಗಿ ಸಣ್ಣ ಕಲೆ ಇರುತ್ತದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ. ಎಳೆ ಬೇರು ಅದರ ಹತ್ತಿರವೇ ಇರುತ್ತದೆ, ಅಲ್ಲಿ ಮುಟ್ಟಬೇಡಿ. ಅದಕ್ಕೆ ಎದುರಿನ ದುಂಡು ಬೆನ್ನಿನ ಮೇಲೆ ಉಗುರು ಕತ್ತರಿಯಿಂದ ಚೂರೇ ಚೂರು ಚಿವುಟಿ, ಇಲ್ಲವೇ ಮರಳು ಕಾಗದದ ಮೇಲೆ ತಿಕ್ಕಿ. ಒಳಗಿನ ಬಿಳುಪು ಸೂಜಿಮೊನೆಯಷ್ಟು ಕಂಡರೆ ನಿಲ್ಲಿಸಿ. ಇನ್ನೂ ಆಳಕ್ಕೆ ಹೋದರೆ ಬೇಳೆಗೆ ಗಾಯವಾಗಿ ಬೂಸು ಹಿಡಿಯುತ್ತದೆ.

ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ 24 ಗಂಟೆ ನೆನೆಹಾಕಿ. ಮುಳುಗಿ ಊದಿದವು ಬಿತ್ತನೆಗೆ ಸಿದ್ಧ. ಮುಳುಗಿದ್ದರೂ ಊದದೆ ಉಳಿದವನ್ನು ಇನ್ನೊಮ್ಮೆ ಗೀರಿ ನೆನೆಸಿ. ತೇಲುತ್ತಲೇ ಇರುವವು ಬಹುಮಟ್ಟಿಗೆ ಜೊಳ್ಳು. ಎರಡು ಪಾಲು ಹಗುರವಾದ ಬಿಳಿ ಹರಳಿನಂಥ ಪರ್ಲೈಟ್‌ಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಬೀಜದ ದಪ್ಪಕ್ಕೆ ಸ್ವಲ್ಪ ಮಿಕ್ಕಿ, ಅಂದರೆ ಸುಮಾರು ಅರ್ಧ ಸೆಂಟಿಮೀಟರ್ ಆಳಕ್ಕೆ ಇಟ್ಟು ಮುಚ್ಚಿ. ಗೀರಿದ ಬೀಜ ಸಾಮಾನ್ಯವಾಗಿ ಒಂದರಿಂದ ಮೂರು ವಾರದೊಳಗೆ ಏಳುತ್ತದೆ. ಎದ್ದ ಸಸಿ ಬುಡದಲ್ಲಿ ಸಣ್ಣಗಾಗಿ ಸೊಂಟ ಮುರಿದು ಬಿದ್ದರೆ ಅದು ಬುಡಕೊಳೆ. ಹೆಚ್ಚು ನೀರು, ಗಾಳಿಯಾಡದ ಮೂಲೆ, ಹಿಂದೆ ಬಳಸಿದ ಮಣ್ಣು, ಈ ಮೂರರಲ್ಲೊಂದು ಕಾರಣ ಇದ್ದೇ ಇರುತ್ತದೆ. ಅದು ಬಂದ ಮೇಲೆ ಔಷಧಿ ಹುಡುಕಿ ಉಪಯೋಗವಿಲ್ಲ, ಉಳಿದ ಸಸಿಗಳನ್ನು ಆ ತಟ್ಟೆಯಿಂದ ಬೇರೆ ಮಾಡಿ. ಮೊದಲು ಮೂಡುವ ಬೀಜದೆಲೆ ಬಿಟ್ಟು ನಾಲ್ಕು ನಿಜವಾದ ಎಲೆ ಬಂದೊಡನೆ ಆಳವಾದ ಕುಂಡಕ್ಕೆ ಬದಲಿಸಿ. ತಡವಾದರೆ ತಾಯಿಬೇರು ತಳದಲ್ಲಿ ಸುರುಳಿ ಸುತ್ತುತ್ತದೆ, ಅಂಥ ಗಿಡ ನೆಲಕ್ಕೆ ಹೋದ ಮೇಲೆ ಜೋರು ಗಾಳಿಗೆ ಬುಡಸಮೇತ ವಾಲುತ್ತದೆ.

ಕಡ್ಡಿ ಊರುವುದು ಇದಕ್ಕಿಂತ ಸುಲಭ, ಆದರೆ ಅಂಗಳದ ಕೆಂಪು ದಾಸವಾಳದಷ್ಟು ಸುಲಭವಲ್ಲ. ಹೂಬಿಡುವ ಕಾಲಕ್ಕೆ ಮೊದಲು, ಪೂರ್ತಿ ಎಳಸೂ ಅಲ್ಲದ, ಮರವೂ ಆಗದ ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ. 10ರಿಂದ 15 ಸೆಂಟಿಮೀಟರ್ ಉದ್ದ, ಮೂರ್ನಾಲ್ಕು ಗೆಣ್ಣು ಇರಲಿ. ಕೆಳಗಿನ ಗೆಣ್ಣಿನ ಸ್ವಲ್ಪ ಕೆಳಕ್ಕೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡೆಲೆ ಬಿಟ್ಟು ಮಿಕ್ಕಿದ್ದನ್ನು ತೆಗೆಯಿರಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಮೊಗ್ಗು ಇದ್ದರೆ ಮರುಕಪಡದೆ ಚಿವುಟಿ. ತುದಿಯನ್ನು ಬೇರು ಬರಿಸುವ ಹಾರ್ಮೋನಾದ ಐಬಿಎಯ 3,000 ಪಿಪಿಎಂ ಪುಡಿಯಲ್ಲಿ ಅದ್ದಿ, ಪರ್ಲೈಟ್ ಮತ್ತು ನೀರು ಹಿಡಿದಿಡುವ ವರ್ಮಿಕ್ಯುಲೈಟ್ ಹರಳು ಸಮಪಾಲು ಬೆರೆಸಿದ್ದರಲ್ಲಿ ಮೊದಲೇ ಬೇರೊಂದು ಕಡ್ಡಿಯಿಂದ ತೂತು ಮಾಡಿ ಊರಿ, ಪುಡಿ ಉಜ್ಜಿಹೋಗದಂತೆ. ಅರೆನೆರಳು ಬೇಕು. ಎಲೆಗೆ ತೇವ ಬೇಕು, ಬುಡಕ್ಕೆ ಕೆಸರು ಬೇಡ. ನಾಲ್ಕರಿಂದ ಆರು ವಾರಕ್ಕೆ ಮೆಲ್ಲಗೆ ಎಳೆದರೆ ಹಿಡಿದುಕೊಂಡಂತೆ ಅನಿಸಬೇಕು. ಬುಡದಿಂದ ಕಪ್ಪು ಮೇಲೇರುತ್ತಿದ್ದರೆ ನೀರು ಹೆಚ್ಚಾಗಿದೆ. ಬುಡ ಹಸಿರಾಗಿದ್ದೂ ತುದಿ ಬಾಡಿದರೆ ಕೊಂಬೆ ತೀರಾ ಎಳಸಾಗಿತ್ತು ಅಥವಾ ಗಾಳಿಯಲ್ಲಿ ತೇವ ಸಾಲಲಿಲ್ಲ.

ನೆಲಕ್ಕಿಟ್ಟ ಮೇಲೆ ಪೂರ್ತಿ ಬಿಸಿಲು, ನೀರು ನಿಲ್ಲದ ಜಾಗ. ಗುಂಡಿಯ ಅಗಲ ಕುಂಡದ ಎರಡರಷ್ಟು, ಆಳ ಕುಂಡದಷ್ಟೇ. ಬುಡ ಸುತ್ತಲಿನ ನೆಲಕ್ಕಿಂತ ಒಂದೆರಡು ಬೆರಳು ಎತ್ತರದಲ್ಲಿರಲಿ, ಮುಚ್ಚಿಗೆ ಹಾಕುವ ತರಗು ಕಾಂಡಕ್ಕೆ ತಾಗದಿರಲಿ. ಬೇರೂರುವವರೆಗೆ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು, ಆಮೇಲೆ ಕಡಿಮೆ ಮಾಡುತ್ತ ಬನ್ನಿ. ಫೆಬ್ರವರಿಯಿಂದ ಮೇವರೆಗೆ ಹೂವಿನ ಸುಗ್ಗಿ, ಅದು ಮುಗಿದೊಡನೆ ಮೂರನೇ ಒಂದು ಭಾಗ ಸವರಿ. ಸವರದಿದ್ದರೆ ಉದ್ದುದ್ದ ಬೆಳೆದು ತನ್ನ ಭಾರಕ್ಕೆ ತಾನೇ ಸೀಳುತ್ತದೆ. ಎಲೆಯಿಲ್ಲದ ಹಳೇ ಮರದವರೆಗೆ ಮಾತ್ರ ಇಳಿಯಬೇಡಿ, ಅಲ್ಲಿಂದ ಚಿಗುರುವುದು ಕಷ್ಟ.

ಇನ್ನು ಅತಿ ಹೆಚ್ಚು ಗಿಡಗಳು ಸಾಯುವುದು ಎಲ್ಲಿ ಅಂದರೆ, ಬೇಸಿಗೆಯಲ್ಲಿ, ಸಾಕಿದವರ ಅತಿ ಅಕ್ಕರೆಯಿಂದ. ಒಣ ಕಾಲದಲ್ಲಿ ಈ ಗಿಡ ಎಲೆ ಉದುರಿಸಿ ಬರಲಾಗಿ ನಿಲ್ಲುವುದುಂಟು. ಅದು ಸಾವಲ್ಲ, ಅದರ ಸ್ವಭಾವ. ನೋಡಿದವರು ಗಾಬರಿಯಾಗಿ ದಿನಾ ನೀರು ಹೊಯ್ಯುತ್ತಾರೆ. ಎಲೆಯಿಲ್ಲದ ಗಿಡ ಆ ನೀರನ್ನು ಕುಡಿಯಲಾರದು, ಬೇರು ಕೊಳೆಯುತ್ತದೆ. ತೊಗಟೆಯನ್ನು ಉಗುರಿನಿಂದ ಗೀಚಿ ನೋಡಿ, ಕೆಳಗೆ ಹಸಿರಿದ್ದರೆ ಬಿಟ್ಟುಬಿಡಿ.

ಎಲೆಗಳು ಬೆಳಗಾಗುವಷ್ಟರಲ್ಲಿ ಜಾಲರಿಯಾಗಿದ್ದು, ಹಗಲು ಎಷ್ಟು ಹುಡುಕಿದರೂ ಹುಳ ಸಿಗದಿದ್ದರೆ ಅದು ಚೈನೀಸ್ ರೋಸ್ ಬೀಟಲ್‌ನ ಕೆಲಸ. ಕತ್ತಲಾದ ಮೇಲೆ ಬಂದು ಮೇಯುವ ಕಂದು ದುಂಬಿ. ಮುಸ್ಸಂಜೆಯಿಂದ ಗಿಡದ ಮೇಲೆ ದೀಪ ಬಿಟ್ಟರೆ ಅದು ದೂರವಿರುತ್ತದೆ. ಸಸಿಗಳಿಗೆ ಮೊದಲ ವರ್ಷ ಸಣ್ಣ ಕಣ್ಣಿನ ಬಲೆ ಹೊದಿಸಿದರೂ ಆದೀತು. ಹೇನು, ಹಿಟ್ಟುತಿಗಣೆಗಳ ಹಿಂದೆ ಇರುವೆ ಇದ್ದೇ ಇರುತ್ತದೆ. ಇರುವೆಯನ್ನು ತಡೆದು, ಜೋರು ನೀರಿನಲ್ಲಿ ಎಲೆಯಡಿಯನ್ನು ತೊಳೆದರೆ ಅರ್ಧ ಕಾಟ ಮುಗಿಯಿತು. ಗಿಡದೊಳಗೆ ಹರಿಯುವ ಕೀಟನಾಶಕವನ್ನು ಹೂವಿನ ಗಿಡಕ್ಕೆ ಹಾಕಲೇಬೇಡಿ. ಹವಾಯಿಯದ್ದೇ ಆದ ಹಳದಿ ಮುಖದ ಜೇನ್ನೊಣಗಳಲ್ಲಿ ಏಳು ಜಾತಿಗಳು 2016ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿವೆ. ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು ಯಾವ ನ್ಯಾಯ?

ಆ ಹುಡುಗಿಯ ಮಾತಿನ ತೂಕ ತಿಳಿಯಬೇಕಾದರೆ ಈ ಗಿಡದ ದೂರದ ನಂಟ, ಮೊಲೊಕೈ ದ್ವೀಪದ ಕೋಕಿಯಾ ಕುಕೈಯನ್ನು ನೋಡಬೇಕು. ಅಳಿದೇ ಹೋಯಿತೆಂದುಕೊಂಡಿದ್ದಾಗ 1970ರಲ್ಲಿ ಒಂದೇ ಒಂದು ಗಿಡ ಸಿಕ್ಕಿತು. 1978ರಲ್ಲಿ ಅದೂ ಬೆಂಕಿಗೆ ಹೋಯಿತು. ಅಷ್ಟರೊಳಗೆ ಅದರ ಒಂದು ಕೊಂಬೆಯನ್ನು ತಂದು ಬಳಗದ ಇನ್ನೊಂದು ಜಾತಿಯ ಮೇಲೆ ಕಸಿ ಕಟ್ಟಿದ್ದರಿಂದ ಆ ಜಾತಿ ಉಳಿದುಕೊಂಡಿದೆ. ಕಸಿ ಗಿಡಗಳು ಎಷ್ಟೇ ಇದ್ದರೂ ಎಲ್ಲವೂ ಅದೇ ಒಂದು ಕೊಂಬೆ. ಕೊನೆಯ ಗಳಿಗೆಯಲ್ಲಿ ಜೀವ ಹಿಡಿದಿಡಲು ಕಡ್ಡಿ, ಕಸಿಗಳೇ ಗತಿ, ಅದನ್ನು ಕಡಿಮೆಯೆಂದು ಹೇಳಲಾಗದು. ಮಾಓ ಹೌ ಹೆಲೆ ಇನ್ನೂ ಆ ಗಳಿಗೆಗೆ ಬಂದಿಲ್ಲ. ಹಲವು ತಾಯಿಗಿಡಗಳಿವೆ, ಅವು ಬೀಜ ಕಟ್ಟುತ್ತವೆ. ಹಾಗಿರುವಾಗ ಚೆನ್ನಾಗಿ ಹೂಬಿಡುವ ಒಂದನ್ನೇ ಕಡ್ಡಿ ಮಾಡಿ ಊರೆಲ್ಲ ಹಂಚಿದರೆ ಲೆಕ್ಕಕ್ಕೆ ಸಾವಿರ ಗಿಡ, ಜಾತಿಯ ಬಲಕ್ಕೆ ಒಂದೇ.

ಇದನ್ನು ಬರೆಯುವಾಗ ಉತ್ತರ ಕನ್ನಡದ ಸಿದ್ದಾಪುರದ ಕತ್ತಲೆಕಾನು ಎಂಬ ಕಾಡು ನೆನಪಾಗುತ್ತದೆ. ಗೇರಿನ ಬಳಗದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಅಲ್ಲಿನ ಜೌಗಿನಲ್ಲಿ ಸಿಕ್ಕಿ, 2000ದಲ್ಲಿ ಹೊಸ ಜಾತಿಯೆಂದು ದಾಖಲಾಯಿತು. ಅದು ಉಳಿದಿರುವುದು ಬೆರಳೆಣಿಕೆಯ ಜೌಗುಗಳಲ್ಲಿ ಮಾತ್ರ. ಹವಾಯಿಯ ಮೂರನೇ ಕ್ಲಾಸಿನ ಮಗುವಿಗೆ ತನ್ನ ದ್ವೀಪದ ಗಿಡ ಯಾವುದು, ಹೊರಗಿನದು ಯಾವುದು ಎಂದು ಹೇಳಿಕೊಡುತ್ತಾರೆ. ನಮ್ಮ ಶಾಲೆಗಳ ವನಮಹೋತ್ಸವದಲ್ಲಿ ಎಲ್ಲಿಯ ಗಿಡ, ಯಾವ ತಾಯಿಮರದ ಬೀಜ ಎಂದು ಕೇಳುವ ರೂಢಿ ಯಾವಾಗ ಬಂದೀತು?

ಬೀಜಕ್ಕಾಗಿ ಬೆಳೆಸುವವರು ಕನಿಷ್ಠ ಎರಡು ಬೇರೆ ಬೇರೆ ತಾಯಿಗಿಡಗಳ ಸಸಿಗಳನ್ನು ಹತ್ತಿರ ನೆಡಬೇಕು, ಆದರೆ ಎರಡೂ ಒಂದೇ ದ್ವೀಪದ ಒಂದೇ ಉಪಜಾತಿಯವಾಗಿರಬೇಕು. ಇದಕ್ಕೆ ಮೂರು ಉಪಜಾತಿಗಳಿವೆ. ಒವಾಹು ದ್ವೀಪದ್ದಕ್ಕೂ ಮಾವಿ ದ್ವೀಪದ್ದಕ್ಕೂ ಬೆರಕೆಯಾದ ಬೀಜ ಅಂಗಳಕ್ಕೆ ಸರಿ, ಕಾಡಿಗೆ ಮರಳಿಸಲು ಬಾರದು. ಅರಳಿದ ಹೂವಿನ ಪರಾಗವನ್ನು ಸಣ್ಣ ಕುಂಚದಲ್ಲಿ ತೆಗೆದು ಇನ್ನೊಂದು ಗಿಡದ ಹೂವಿನ ನಡುಗಂಬದ ತುದಿಯ ಐದೂ ಗುಂಡಿಗಳಿಗೆ ಸವರಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಬಲಿತ ಬೀಜವನ್ನು ಚೆನ್ನಾಗಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನೊಳಗಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಡಬ್ಬಿಯ ಮೇಲೆ ಅಪ್ಪಗಿಡ, ಅಮ್ಮಗಿಡ, ಅವು ಬಂದ ಕಣಿವೆ, ಕಿತ್ತ ತಿಂಗಳು ಇಷ್ಟನ್ನೂ ಬರೆಯಿರಿ. ಕುಂಡದ ಪಟ್ಟಿಗೂ ಅದೇ ವಿವರ, ಪೆನ್ಸಿಲಿನಲ್ಲಿ, ಯಾಕೆಂದರೆ ಮಾರ್ಕರಿನ ಶಾಯಿ ಇಲ್ಲಿನ ಬಿಸಿಲಿಗೆ ಒಂದು ಬೇಸಿಗೆಯೂ ನಿಲ್ಲುವುದಿಲ್ಲ.